ಶಟರ್: ಉಳಿಸುವುದೋ, ಇಳಿಸುವುದೋ?

ಶಾಮನೂರು ಹಳ್ಳಿಯಾಗಿದ್ದದ್ದು ಹೋಗಿ ದಾವಣಗೆರೆಯೊಳಗೆ ಸೇರಿದ ಮೇಲೆ ಆ ದಿಕ್ಕಿನ ಮನೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ರೂಪ ಬಂದಿದೆ. ಕೆಳಗೆ ರಸ್ತೆಗೆ ಮುಖ ಮಾಡಿದ ಒಂದೆರಡು ಬಾಡಿಗೆ ಮಳಿಗೆ, ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ, ಮೇಲೆ ಮನೆ. ಮಳಿಗೆಗೂ ಶಟರ್, ಕಾರಿಗೂ ಶಟರ್. ಬೆಳಿಗ್ಗೆ ಅದು ಎದ್ದ ಸದ್ದಿನಿಂದಲೇ ರಸ್ತೆಯ ವ್ಯವಹಾರ ಶುರು. ಚೆನ್ನಾಗಿ ಓಡುವಷ್ಟು ದಿನ ಅದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಸರಕು ಇಳಿಸಲು ಹಿಮ್ಮುಖವಾಗಿ ಬಂದ ಟಾಟಾ ಏಸ್ ಗುದ್ದಿದ ದಿನ, ಇಲ್ಲವೇ ನಿನ್ನೆ ಒಂದೇ ಕೈಯಲ್ಲಿ ಎತ್ತಿದ್ದು ಇವತ್ತು ಇಬ್ಬರು ಸೇರಿದರೂ ಮೇಲೇಳದ ದಿನ ಅದರ ನೆನಪಾಗುತ್ತದೆ. ಆಗ ಮನೆಯವರ ಮುಂದೆ ಬಂದು ನಿಲ್ಲುವುದು ಒಂದೇ ಪ್ರಶ್ನೆ. ಇದನ್ನೇ ರಿಪೇರಿ ಮಾಡಿಸುವುದೋ, ಬಿಚ್ಚಿಸಿ ಹೊಸದು ಹಾಕಿಸುವುದೋ?

ಕೇಳಿದ ಕಡೆಯೆಲ್ಲ ಬೇರೆ ಬೇರೆ ಉತ್ತರ ಸಿಗುತ್ತದೆ. ಹೊಸ ಶಟರ್ ಮಾರುವವರು ‘ಇದಕ್ಕೆ ಇನ್ನು ದುಡ್ಡು ಸುರೀಬೇಡ್ರಿ, ತೆಗೆಸಿಬಿಡ್ರಿ’ ಎನ್ನುತ್ತಾರೆ. ವೆಲ್ಡಿಂಗ್ ಶಾಪಿನವರು ‘ನಾಲ್ಕು ಏಟು ಬಡಿದು ಒಂದು ಟಾಕಿ ಹಾಕಿದರೆ ಮುಗೀತು’ ಎನ್ನುತ್ತಾರೆ. ಎರಡೂ ಮಾತು ಕೆಲವೊಮ್ಮೆ ನಿಜ, ಕೆಲವೊಮ್ಮೆ ಪೂರ್ತಿ ತಪ್ಪು. ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು. ಶಟರ್ ಉಳಿಯಬೇಕೋ ಹೋಗಬೇಕೋ ಎಂಬುದನ್ನು ಕಣ್ಣಿಗೆ ಹೊಡೆಯುವ ತಗ್ಗು, ಬಣ್ಣ, ತುಕ್ಕು ನೋಡಿ ತೀರ್ಮಾನಿಸಬಾರದು. ಭಾರ ಹೊರುವ ಭಾಗಗಳು ಹೇಗಿವೆ ಎಂದು ನೋಡಿ ತೀರ್ಮಾನಿಸಬೇಕು. ಮುಂಭಾಗ ನಜ್ಜುಗುಜ್ಜಾಗಿಯೂ ಇನ್ನೂ ಹತ್ತು ವರ್ಷ ಬಾಳುವ ಶಟರ್‌ಗಳಿವೆ. ಹೊಸ ಬಣ್ಣದಲ್ಲಿ ಹೊಳೆಯುತ್ತಲೇ ನಾಳೆಯೇ ತಲೆಯ ಮೇಲೆ ಬೀಳಬಹುದಾದ ಶಟರ್‌ಗಳೂ ಇವೆ.

ಭಾರ ಎಂದರೆ ಎಷ್ಟು? ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪವಿದ್ದರೆ ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 10 ಅಡಿ ಅಗಲ, 8 ಅಡಿ ಎತ್ತರದ ಶಟರ್ ಸುಮಾರು 7.4 ಚದರ ಮೀಟರ್ ಆಯಿತು. 1.2 ಮಿ.ಮೀ. ತಗಡಾದರೆ ಮಟ್ಟಸ ಹಾಳೆಯ ಲೆಕ್ಕದಲ್ಲೇ 70 ಕಿಲೋ. ಪಟ್ಟಿಗಳನ್ನು ಬಾಗಿಸಿ, ಅಂಚು ಸುರುಳಿ ಮಾಡಿ, ಒಂದಕ್ಕೊಂದು ಕೊಂಡಿ ಹಾಕಿರುವುದರಿಂದ ನಿಜವಾದ ತೂಕ ಅದಕ್ಕಿಂತ ಸಾಕಷ್ಟು ಹೆಚ್ಚು. ಬೆಳೆದ ಆಳಿಗಿಂತ ಭಾರವಾದ ಈ ಪರದೆಯನ್ನು ಶಾಲೆಗೆ ಹೋಗುವ ಹುಡುಗನೂ ಎತ್ತಬಲ್ಲ. ಎತ್ತುತ್ತಿರುವುದು ಅವನ ತೋಳಲ್ಲ, ಮೇಲಿನ ಪೆಟ್ಟಿಗೆಯೊಳಗೆ ಪೈಪಿನ ಸುತ್ತ ಕುಳಿತಿರುವ ಸ್ಪ್ರಿಂಗ್. ಶಟರ್ ಕೆಳಗೆಳೆದಾಗ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಮೇಲೆತ್ತಿದಾಗ ಆ ಬಿಗಿ ಬಿಚ್ಚಿಕೊಳ್ಳುತ್ತ ಭಾರವನ್ನು ತಾನೇ ಎಳೆದುಕೊಳ್ಳುತ್ತದೆ. ರಾತ್ರಿ ಬೀಗ ಹಾಕಿ ನಾವು ನಿದ್ದೆ ಮಾಡುವಾಗ ಸ್ಪ್ರಿಂಗ್ ಅತಿ ಹೆಚ್ಚು ಬಿಗಿಯಲ್ಲಿರುತ್ತದೆ. ನಡುರಾತ್ರಿ ಪೆಟ್ಟಿಗೆಯೊಳಗೆ ಢಮ್ಮೆಂದ ಸದ್ದು ಕೇಳಿ, ಬೆಳಿಗ್ಗೆ ನೋಡಿದರೆ ಹೊರಗೆ ಏನೂ ಆಗಿರದೆ ಶಟರ್ ಮಾತ್ರ ಬಂಡೆಯಂತೆ ಭಾರವಾಗಿದ್ದರೆ ಕಾರಣ ಇದೇ.

ಸ್ಪ್ರಿಂಗ್ ಎಷ್ಟು ಕಾಲ ಬಾಳುತ್ತದೆ ಎಂಬುದು ವರ್ಷದ ಲೆಕ್ಕವಲ್ಲ, ಎಷ್ಟು ಸಲ ಎತ್ತಿ ಇಳಿಸಿದ್ದೀರಿ ಎಂಬ ಲೆಕ್ಕ. ಅಮೆರಿಕದ ಗ್ಯಾರೇಜ್ ಬಾಗಿಲುಗಳ ಸಾಮಾನ್ಯ ಸ್ಪ್ರಿಂಗಿಗೆ 10,000 ಸಲದ ಆಯುಷ್ಯ ಹಿಡಿಯುತ್ತಾರೆ. ನಮ್ಮ ಶಟರ್ ಸ್ಪ್ರಿಂಗಿನ ಗುಣ ತಯಾರಕರಿಂದ ತಯಾರಕರಿಗೆ ಬದಲಾಗುತ್ತದಾದರೂ ಅಂದಾಜಿಗೆ ಅದೇ ಅಂಕಿ ಇಟ್ಟುಕೊಳ್ಳೋಣ. ಬೆಳಿಗ್ಗೆ ತೆಗೆದು ಮಧ್ಯಾಹ್ನ ಊಟಕ್ಕೆ ಹಾಕಿ, ಸಂಜೆ ತೆಗೆದು ರಾತ್ರಿ ಹಾಕುವ ಅಂಗಡಿಗೆ ದಿನಕ್ಕೆ ಎರಡು ಸಲ. ಹದಿಮೂರು ವರ್ಷ ಸಿಕ್ಕಂತಾಯಿತು. ಮನೆಯಲ್ಲಿ ಕಾರಿನ ಜೊತೆ ಎರಡು ಸ್ಕೂಟರ್ ಇದ್ದು ಮಕ್ಕಳನ್ನು ಬಿಡುವುದು, ತರಕಾರಿ ತರುವುದು, ಕೆಲಸಕ್ಕೆ ಹೋಗುವುದು ಎಂದು ದಿನಕ್ಕೆ ನಾಲ್ಕು ಸಲ ಎತ್ತಿದರೆ ಏಳು ವರ್ಷವೂ ಇಲ್ಲ. ಅಂಗಡಿಯ ಶಟರ್‌ಗಿಂತ ಮನೆಯ ಶಟರ್ ಬೇಗ ಕೈಕೊಡುವುದು ಏಕೆಂದು ಬಹಳ ಜನ ಕೇಳುತ್ತಾರೆ. ಇದೇ ಉತ್ತರ.

ಭಾರ ಹೊರುವ ಸಣ್ಣ ಭಾಗವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನಮ್ಮ ನದಿಯೇ ಇಡೀ ನಾಡಿಗೆ ತೋರಿಸಿಕೊಟ್ಟಿದೆ. ಹರಿಹರವನ್ನು ದಾಟಿ ಹೋಗುವ ತುಂಗಭದ್ರೆಯ ನೀರು ನಿಲ್ಲುವುದು ಹೊಸಪೇಟೆಯ ಜಲಾಶಯದಲ್ಲಿ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, ಅಲ್ಲಿನ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೇ ಗೇಟಿನ ಚೈನ್ ತುಂಡಾಗಿ ಇಡೀ ಗೇಟ್ ಕೊಚ್ಚಿಹೋಯಿತು. 60 ಅಡಿ ಅಗಲದ ಬಾಗಿಲು ಅದು. ತಡೆಯಿಲ್ಲದೆ ನುಗ್ಗುವ ನೀರಿನ ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆದು, ರೈತರ ಪಾಲಿನ ನೀರನ್ನು ನದಿಗೆ ಬಿಡಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಹರಿವನ್ನು ಕಟ್ಟಿದರು. ಜೀವ ಪಣಕ್ಕಿಟ್ಟು ಮಾಡಿದ ಆ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ಅದು ತುರ್ತು ರಿಪೇರಿ. ಒಂದು ಗೇಟ್ ಹೋಯಿತೆಂದ ಮೇಲೆ ಅದರ ಜೊತೆಯಲ್ಲೇ ಕೂರಿಸಿದ, ಅಷ್ಟೇ ವರ್ಷ ನೀರಲ್ಲಿ ನಿಂತ ಉಳಿದ ಗೇಟ್‌ಗಳನ್ನು ನಂಬುವುದು ಹೇಗೆ? ತಜ್ಞರು 33 ಗೇಟ್‌ಗಳನ್ನೂ ಬದಲಿಸಬೇಕೆಂದು ಶಿಫಾರಸು ಮಾಡಿದರು. 105 ಟಿಎಂಸಿಗೂ ಹೆಚ್ಚು ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ 80 ಟಿಎಂಸಿಯಷ್ಟಕ್ಕೆ ಸಂಗ್ರಹ ಸೀಮಿತವಾಯಿತು. ಇದರಿಂದ ಮನೆಯ ಶಟರಿಗೆ ಕಲಿಯಬೇಕಾದ್ದು ಎರಡು ಸಂಗತಿ. ಮೊದಲನೆಯದು, ತುರ್ತಿಗೆ ಮಾಡುವ ರಿಪೇರಿಯನ್ನೂ ಕಾಯಂ ತೀರ್ಮಾನವನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು. ಇವತ್ತು ರಾತ್ರಿ ಅಂಗಡಿಗೆ ಬೀಗ ಬೀಳಲೇಬೇಕು, ಅದಕ್ಕಾಗಿ ಟಾಕಿ ಹಾಕಿಸಿ. ಹಾಗೆಂದು ಆ ಟಾಕಿಯನ್ನೇ ಐದು ವರ್ಷದ ಪರಿಹಾರ ಎಂದುಕೊಳ್ಳಬೇಡಿ. ಎರಡನೆಯದು, ಒಂದೇ ವಯಸ್ಸಿನ ಭಾಗಗಳಲ್ಲಿ ಒಂದು ಮುರಿದರೆ ಉಳಿದವುಗಳ ಸರದಿಯೂ ದೂರವಿಲ್ಲ. ಪೈಪಿನ ಮೇಲೆ ಮೂರು ಸ್ಪ್ರಿಂಗ್ ಇದ್ದು ಒಂದು ಮುರಿದರೆ ಅದರ ಪಾಲಿನ ಭಾರವೂ ಉಳಿದೆರಡರ ಮೇಲೆ ಬೀಳುತ್ತದೆ. ಒಂದನ್ನೇ ಹಾಕಿಸಿ ಹಣ ಉಳಿಸಿದವರು ಕೆಲವೇ ತಿಂಗಳಲ್ಲಿ ಮತ್ತೆ ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಬಿಚ್ಚಿ ಜೋಡಿಸುವ ಕೂಲಿ ಒಂದಕ್ಕೂ ಅಷ್ಟೇ, ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆಯೇ ಎಂದು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ಶಟರನ್ನು ಸೊಂಟದ ಎತ್ತರಕ್ಕೆ ಎತ್ತಿ, ಕೈಯನ್ನು ಅಂಚಿನಿಂದ ದೂರ ತೆಗೆಯದೆ, ಹಿಡಿತ ಮಾತ್ರ ನಿಧಾನ ಸಡಿಲಿಸಿ. ಕಾಲನ್ನು ಅಡಿಗೆ ಇಡಬೇಡಿ. ಶಟರ್ ಅಲ್ಲೇ ನಿಂತರೆ ಸ್ಪ್ರಿಂಗ್ ಮತ್ತು ಭಾರ ಸಮ ಇವೆ. ಸರ್ರನೆ ಕೆಳಗಿಳಿದರೆ ಸ್ಪ್ರಿಂಗ್ ಸೋತಿದೆ, ಅಥವಾ ಒಂದು ಮುರಿದಿದೆ. ತಾನಾಗಿ ಮೇಲಕ್ಕೆ ಓಡಿದರೆ ಯಾರೋ ಹಿಂದಿನ ರಿಪೇರಿಯಲ್ಲಿ ಎರಡು ಸುತ್ತು ಹೆಚ್ಚು ಬಿಗಿ ಕೊಟ್ಟು ಹೋಗಿದ್ದಾರೆ. ಈ ‘ಎರಡು ಸುತ್ತು ಜಾಸ್ತಿ’ ನಮ್ಮ ಕಡೆಯ ಅತಿ ಸಾಮಾನ್ಯ ರಿಪೇರಿ. ಹತ್ತು ನಿಮಿಷದ ಕೆಲಸ, ಶಟರ್ ಕೂಡಲೇ ಹಗುರ, ಮಾಲೀಕರಿಗೂ ಸಂತೋಷ. ದಣಿದ ಸ್ಪ್ರಿಂಗನ್ನು ಇನ್ನಷ್ಟು ತಿರುಚಿದರೆ ಅದು ಮುರಿಯುವ ದಿನ ಹತ್ತಿರವಾಗುತ್ತದೆ ಅಷ್ಟೇ. ಹಾಗಾಗಿ ಮೇಸ್ತ್ರಿಯನ್ನು ಗೌರವದಿಂದಲೇ ಕೇಳಿ: ‘ಅಣ್ಣಾ, ಸುತ್ತು ಕೊಡ್ತೀರೋ, ಸ್ಪ್ರಿಂಗ್ ಬದಲಿಸ್ತೀರೋ?’ ಕಸುಬು ಬಲ್ಲವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಇನ್ನು ವಾಹನ ಗುದ್ದಿದ ಸಂದರ್ಭ. ನೋಡುವವರ ಕಣ್ಣು ಮೊದಲು ಹೋಗುವುದು ಒಳಬಾಗಿದ ಪಟ್ಟಿಗಳ ಕಡೆಗೆ. ನಿಜಕ್ಕೂ ಅವೇ ಅತಿ ಕಡಿಮೆ ಚಿಂತೆಯ ವಿಷಯ. ಚೌಕಿಪೇಟೆ, ಮಂಡಿಪೇಟೆಯಂಥ ಹಳೆಯ ಪೇಟೆಗಳಲ್ಲಿ ಹಿಂದೆ ಅಂಗಡಿಗಳಿಗೆ ಹಲಗೆ ಬಾಗಿಲು ಇರುತ್ತಿದ್ದವು. ಕೆಳಗೂ ಮೇಲೂ ಇದ್ದ ತೋಡಿನಲ್ಲಿ ಅಂಕಿ ಬರೆದ ಹಲಗೆಗಳನ್ನು ಒಂದೊಂದಾಗಿ ಸರಿಸಿ ನಿಲ್ಲಿಸಿ, ಕೊನೆಗೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯುತ್ತಿದ್ದರು. ಒಂದು ಹಲಗೆ ಒಡೆದರೆ ಬಡಗಿ ಆ ಒಂದು ಹಲಗೆ ಮಾಡಿಕೊಡುತ್ತಿದ್ದ. ಇಡೀ ಬಾಗಿಲು ಬದಲಿಸುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಶಟರ್ ಕೂಡ ಅದೇ ಜಾಣತನದ ವಸ್ತು. ಪ್ರತಿ ಪಟ್ಟಿಯೂ ಬಿಡಿ. ಪಕ್ಕಕ್ಕೆ ಸರಿಸಿ ಹೊರತೆಗೆದು ಹೊಸದನ್ನು ಅದೇ ಕೊಂಡಿಯಲ್ಲಿ ತೂರಿಸಬಹುದು. ಎಂಟು ಅಡಿ ಎತ್ತರದ ಶಟರಿನಲ್ಲಿ ಮೂವತ್ತರ ಆಸುಪಾಸು ಪಟ್ಟಿಗಳಿರುತ್ತವೆ. ಅವುಗಳಲ್ಲಿ ಐದಾರು ಹಾಳಾದುದಕ್ಕೆ ಎಲ್ಲವನ್ನೂ ಗುಜರಿಗೆ ಹಾಕುವುದು ದುಂದು.

ಬಾಗಿದ ಪಟ್ಟಿಯನ್ನು ಬಡಿದು ನೆಟ್ಟಗೆ ಮಾಡುವ ಬಗ್ಗೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಮ್ಮೆ ಮಡಿಕೆ ಬಿದ್ದ ತಗಡು ಹಿಗ್ಗಿರುತ್ತದೆ, ಅಂಚಿನ ಸುರುಳಿ ಬಾಯಿಬಿಟ್ಟಿರುತ್ತದೆ. ಸುತ್ತಿಗೆಯಿಂದ ಬಡಿದ ಮೇಲೆ ಕಣ್ಣಿಗೆ ನೆಟ್ಟಗಾಗಿ ಕಂಡರೂ ಪೈಪಿನ ಮೇಲೆ ಸುತ್ತಿಕೊಳ್ಳುವಾಗ ಪಕ್ಕದ ಪಟ್ಟಿಗೆ ತೊಡರುತ್ತದೆ, ಇಲ್ಲವೇ ಕೊಂಡಿ ಕಳಚುತ್ತದೆ. ಸಣ್ಣ ತಗ್ಗಾದರೆ ಹಾಗೇ ಇರಲಿ, ಶಟರಿಗೆ ಅದರಿಂದ ತೊಂದರೆಯಿಲ್ಲ. ಮಡಿಕೆ ಬಿದ್ದಿದ್ದರೆ ಆ ಪಟ್ಟಿ ಬದಲಾಗಲಿ. ಅಳತೆ ಹೊಂದಿಸುವುದು ಇಲ್ಲಿ ಮುಖ್ಯ. ಪಟ್ಟಿಯ ಅಗಲ, ಬಾಗಿನ ಆಳ, ಸುರುಳಿಯ ಗಾತ್ರ ತಯಾರಕರಿಂದ ತಯಾರಕರಿಗೆ ಕೂದಲೆಳೆಯಷ್ಟು ಬೇರೆ ಇದ್ದರೂ ಕೊಂಡಿ ಕೂರುವುದಿಲ್ಲ. ಹಳೆಯ ಪಟ್ಟಿಯ ಒಂದು ಗೇಣು ತುಂಡನ್ನು ಕತ್ತರಿಸಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಹೊಸದರಲ್ಲಿ ಸಿಗದಿದ್ದರೆ ಗುಜರಿ ಅಂಗಡಿಯಲ್ಲಿ ಬಿಚ್ಚಿಟ್ಟ ಹಳೆಯ ಶಟರ್‌ಗಳ ರಾಶಿ ಇರುತ್ತದೆ. ಅಲ್ಲಿ ನಿಮ್ಮದೇ ಕಾಲದ ಪಟ್ಟಿ ಸಿಗುವ ಸಾಧ್ಯತೆ ಹೆಚ್ಚು.

ಗುದ್ದಿದ ಶಟರಿನಲ್ಲಿ ನಿಜವಾಗಿ ಪರೀಕ್ಷಿಸಬೇಕಾದ್ದು ಪಟ್ಟಿಗಳ ಎರಡು ತುದಿ ಮತ್ತು ಮೇಲಿನ ಎರಡು ಮೂಲೆ. ಪಕ್ಕದ ಗೋಡೆಗೆ ಬಡಿದ ಗೈಡ್ ಚಾನೆಲ್ ಬಾಗಿದೆಯೇ ಎಂದು ತೂಕದ ದಾರ ಇಳಿಬಿಟ್ಟು ನೋಡಿ. ಗೈಡ್ ಅರ್ಧ ಇಂಚು ವಾಲಿದರೂ ಶಟರ್ ಒಂದು ಪಕ್ಕ ಮೊದಲು ಏರಿ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಗೈಡ್ ಒಂದನ್ನೇ ಬದಲಿಸಬಹುದು, ದೊಡ್ಡ ಖರ್ಚಲ್ಲ. ಪಟ್ಟಿಗಳ ತುದಿಯಲ್ಲಿ ಅವು ಪಕ್ಕಕ್ಕೆ ಜಾರದಂತೆ ಹಿಡಿಯುವ ಎಂಡ್ ಲಾಕ್ ಎಂಬ ಚಿಕ್ಕ ಕ್ಲಿಪ್‌ಗಳಿರುತ್ತವೆ. ಗುದ್ದಿದಾಗ ಅವು ಮುರಿದು ಬೀಳುತ್ತವೆ, ಯಾರೂ ಗಮನಿಸುವುದಿಲ್ಲ. ತಿಂಗಳು ಕಳೆದ ಮೇಲೆ ಪಟ್ಟಿಗಳು ಹಲ್ಲು ಹಲ್ಲಾಗಿ ಹೊರಚಾಚಿ ಗೈಡನ್ನು ಕೆರೆಯಲು ಶುರುಮಾಡುತ್ತವೆ. ಆಗ ‘ಶಟರ್ ಹೋಯ್ತು, ಹೊಸದು ಹಾಕ್ಸಿ’ ಎಂಬ ಮಾತು ಬರುತ್ತದೆ. ಹೋಗಿರುವುದು ಕ್ಲಿಪ್.

ಮೇಲಿನ ಮೂಲೆಗಳಲ್ಲಿ ಪೈಪನ್ನು ಹೊತ್ತಿರುವ ಬ್ರಾಕೆಟ್‌ಗಳಿವೆ. ಏಣಿ ಹಾಕಿ, ಟಾರ್ಚ್ ಹಿಡಿದು, ಮುಟ್ಟದೆ ನೋಡಿ. ಬ್ರಾಕೆಟ್ ಗೋಡೆಯಿಂದ ಕಿತ್ತುಬಂದಿದೆಯೇ, ಬೋಲ್ಟ್ ಸುತ್ತ ಗಾರೆ ಉದುರಿದೆಯೇ, ಬೀಮಿನಲ್ಲಿ ಹೊಸ ಬಿರುಕು ಕಾಣುತ್ತಿದೆಯೇ? ಪೈಪು ನಡುವೆ ಜೋತುಬಿದ್ದಿದೆಯೇ? ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಾದರೆ ಆ ಶಟರಿನ ಕೆಳಗೆ ಯಾರೂ ಓಡಾಡಬಾರದು, ಮೊದಲು ಅದನ್ನು ಕೆಳಗಿಳಿಸಿ ನಿಲ್ಲಿಸಬೇಕು. ಬ್ರಾಕೆಟ್ ಸಡಿಲವಾಗಿದ್ದು ಪರದೆ ಚೆನ್ನಾಗಿದ್ದರೆ ಗೋಡೆಯ ಕೆಲಸ ಮಾಡಿಸಿ ಅದನ್ನೇ ಮತ್ತೆ ಕೂರಿಸಬಹುದು. ಪೈಪು ಬಾಗಿದ್ದು, ಜೊತೆಗೆ ಸ್ಪ್ರಿಂಗೂ ಹಳತಾಗಿದ್ದು, ಪಟ್ಟಿಗಳಲ್ಲಿ ಮೂರನೆಯ ಒಂದು ಪಾಲು ಹಾಳಾಗಿದ್ದರೆ ರಿಪೇರಿಯ ಮಾತು ಬಿಟ್ಟುಬಿಡಿ. ಹೊಸದು ಹಾಕಿಸುವ ಕಾಲ ಬಂದಿದೆ.

ತುಕ್ಕಿನ ಕತೆ ಬೇರೆ. ನಮ್ಮದು ಕರಾವಳಿಯಲ್ಲ, ಇಲ್ಲಿ ಉಪ್ಪುಗಾಳಿಯಿಲ್ಲ, ಮಳೆಯೂ ಮಲೆನಾಡಿನಷ್ಟಿಲ್ಲ. ಆದರೂ ದಾವಣಗೆರೆಯ ಯಾವ ರಸ್ತೆಯಲ್ಲಿ ನಡೆದರೂ ಶಟರ್‌ಗಳ ಕೆಳಗಿನ ಎರಡು ಮೂರು ಪಟ್ಟಿ ತುಕ್ಕು ತಿಂದು ಜಾಲರಿಯಾಗಿರುವುದು ಕಾಣುತ್ತದೆ. ದಿನಾ ಬೆಳಿಗ್ಗೆ ಅಂಗಡಿ ಮುಂದೆ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆಯುತ್ತೇವೆ. ಶಟರ್ ಇನ್ನೂ ಇಳಿದೇ ಇರುತ್ತದೆ, ನೀರು ಅದರ ಬುಡಕ್ಕೆ ಎರಚುತ್ತದೆ, ಕೆಳಪಟ್ಟಿಯ ಒಳಗೆ ಕೂರುತ್ತದೆ. ಚರಂಡಿಯ ಮೇಲೆ ಹಾಕಿದ ಇಳಿಜಾರು ಕಾಂಕ್ರೀಟ್ ರಸ್ತೆ ಕಡೆಗೆ ಇಳಿಯುವ ಬದಲು ಅಂಗಡಿ ಕಡೆಗೆ ವಾಲಿದ್ದರಂತೂ ಮಳೆಗಾಲ ಪೂರ್ತಿ ಶಟರ್ ನೀರಲ್ಲೇ ನಿಂತಿರುತ್ತದೆ. ಮಂಡಕ್ಕಿ ಭಟ್ಟಿಗಳ ಬಡಾವಣೆಯಲ್ಲಿ ಬೂದಿ, ಅಕ್ಕಿ ಗಿರಣಿಗಳ ಸುತ್ತ ಹೊಟ್ಟಿನ ದೂಳು ಗೈಡಿನಲ್ಲಿ ಸೇರಿ ತೇವ ಹಿಡಿದುಕೊಳ್ಳುತ್ತದೆ. ಹರಿಹರದ ಗಂಗಾನಗರದಂತೆ ಹೊಳೆ ಏರಿದಾಗ ನೀರು ನುಗ್ಗುವ ಕಡೆ ಕೆಸರು ಒಳಸೇರುತ್ತದೆ. ನೀರು ಇಳಿದ ಕೂಡಲೇ ಗೈಡು, ಕೆಳಪಟ್ಟಿಗಳನ್ನು ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿದರೆ ಅರ್ಧ ನಷ್ಟ ತಪ್ಪುತ್ತದೆ.

ಕೆಳಗಿನಿಂದ ಏರುವ ತುಕ್ಕಿಗೆ ಹೊಸ ಶಟರ್ ಬೇಕಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಗಿಂದ ಮೇಲೆ ಒಂದೊಂದೇ ಪಟ್ಟಿಯನ್ನು ತಟ್ಟುತ್ತ ಹೋಗಿ. ಟಣ್ ಎಂಬ ಸದ್ದು ಬರುವಲ್ಲಿಂದ ಮೇಲಿನದು ಆರೋಗ್ಯವಾಗಿದೆ. ಮಂಕು ಸದ್ದು ಬಂದವನ್ನೂ ಕೆಳಗಿನ ಅಡ್ಡಪಟ್ಟಿಯನ್ನೂ ಬದಲಿಸಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಕೊಡಿ. ಇಳಿಜಾರನ್ನು ಸರಿಪಡಿಸದೆ ಈ ಕೆಲಸ ಮಾಡಿಸಿದರೆ ಮಾತ್ರ ದುಡ್ಡು ನೀರಿಗೆ ಹೋದಂತೆ. ತುಕ್ಕು ಮೇಲಿನಿಂದ ಇಳಿಯುತ್ತಿದ್ದರೆ ಹೆಚ್ಚು ಎಚ್ಚರ ಬೇಕು. ಪೆಟ್ಟಿಗೆಯೊಳಗೆ ನೀರು ಸೋರುತ್ತಿದೆ ಎಂದು ಅರ್ಥ, ಅಲ್ಲೇ ಸ್ಪ್ರಿಂಗೂ ಇದೆ. ಮೇಲಿನ ಪಟ್ಟಿಗಳೇ ಕೆಳಗಿನ ಎಲ್ಲದರ ತೂಕ ಹೊತ್ತಿರುತ್ತವೆ. ಎಲ್ಲ ಪಟ್ಟಿಗಳ ಕೊಂಡಿಗಳೊಳಗೂ ತುಕ್ಕು ಹೊಕ್ಕು, ಶಟರ್ ಸುತ್ತುವಾಗ ಕೆಂಪು ಪುಡಿ ಉದುರುತ್ತಿದ್ದರೆ ಬಣ್ಣ ಹಚ್ಚಿ ಮುಚ್ಚಬೇಡಿ. ಅದರ ಆಯುಷ್ಯ ಮುಗಿದಿದೆ.

ಗೈಡಿಗೆ ಗ್ರೀಸ್ ಮೆತ್ತುವ ಅಭ್ಯಾಸವನ್ನೂ ಬಿಡಬೇಕು. ಗ್ರೀಸ್, ಹಳೆಯ ಇಂಜಿನ್ ಆಯಿಲ್ ನಮ್ಮ ಊರಿನ ದೂಳಿಗೆ ಸೇರಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗೈಡ್ ಒರೆಸಿ, ತೆಳುವಾದ ಮೆಷಿನ್ ಆಯಿಲ್ ಸವರಿ ಹೆಚ್ಚಿನದನ್ನು ಒರೆಸಿಬಿಡಿ. ವರ್ಷಕ್ಕೆ ಎರಡು ಸಲ ಸಾಕು. ಆಯುಧಪೂಜೆಗೆ ಶಟರಿಗೆ ವಿಭೂತಿ, ಕುಂಕುಮ ಹಚ್ಚುವ ಮುನ್ನ ಈ ಕೆಲಸ ಮಾಡುವುದು ಒಳ್ಳೆಯ ರೂಢಿ. ವರ್ಷ ವರ್ಷ ಬಣ್ಣದ ಮೇಲೆ ಬಣ್ಣ ಬಳಿಯುವುದೂ ಬೇಡ. ಕೊಂಡಿಗಳಲ್ಲಿ ಬಣ್ಣ ಗಟ್ಟಿಯಾಗಿ ಪಟ್ಟಿಗಳು ಮಡಚಿಕೊಳ್ಳಲಾರದೆ ಪೆಟ್ಟಿಗೆಯಲ್ಲಿ ಸುರುಳಿ ದಪ್ಪವಾಗುತ್ತದೆ.

ಇಷ್ಟೆಲ್ಲ ರಿಪೇರಿ ನಮ್ಮಲ್ಲಿ ಸಾಧ್ಯವಾಗುವುದು ಕೈಕಸುಬು ಇನ್ನೂ ಉಳಿದಿರುವುದರಿಂದ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ದೇಶದಲ್ಲೇ ಹೆಸರಿತ್ತು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳೂ ಮುಚ್ಚಿವೆ. ಆದರೆ ಯಂತ್ರ ಬಲ್ಲ ಊರೊಂದರಲ್ಲಿ ಲೋಹದ ಸದ್ದು ಕೇಳಿಯೇ ದೋಷ ಹೇಳುವ ಜನ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಉಳಿದಿದ್ದಾರೆ. ಸವೆದ ಬೇರಿಂಗ್ ಕೂರುವ ಜಾಗಕ್ಕೆ ಬುಷ್ ಕಡೆದುಕೊಡುವವರು, ಬಾಗಿದ ಗೈಡಿನ ತುಂಡನ್ನಷ್ಟೇ ಕತ್ತರಿಸಿ ಹೊಸದನ್ನು ಬೆಸೆಯುವವರು ಇವರು. ಅನೇಕ ಶ್ರೀಮಂತ ದೇಶಗಳಲ್ಲಿ ಕೂಲಿ ದುಬಾರಿ, ಬಾಗಿಲು ಅಗ್ಗ. ಅಲ್ಲಿ ಬದಲಿಸುವುದೇ ಲಾಭ ಎಂಬ ಲೆಕ್ಕ ಬಂದಿರುವುದು ಹಾಗಾಗಿ. ಆ ಲೆಕ್ಕವನ್ನು ನಾವು ಕಣ್ಣುಮುಚ್ಚಿ ತರಬೇಕಿಲ್ಲ. ರಿಪೇರಿಗೆ ತಗಲುವ ಮೊತ್ತ ಹೊಸದರ ಅರ್ಧದೊಳಗಿದ್ದು, ಭಾರ ಹೊರುವ ಭಾಗಗಳು ಗಟ್ಟಿಯಾಗಿದ್ದರೆ ರಿಪೇರಿಯೇ ಸರಿ.

ಬದಲಿಸಲೇಬೇಕಾದಾಗ ಕಂಜೂಸುತನ ಮಾಡಬಾರದ ಜಾಗಗಳಿವೆ. ಚದರಡಿಗೆ ಇಷ್ಟು ಎಂದು ದರ ಹೇಳುವಾಗ ತಗಡಿನ ದಪ್ಪ ಹೇಳುವುದಿಲ್ಲ. ಹತ್ತು ರೂಪಾಯಿ ಕಡಿಮೆ ಹೇಳಿದವರು ತೆಳು ತಗಡು ಹಾಕಿರಬಹುದು. ಲೋಹದ ರೋಲಿಂಗ್ ಶಟರ್‌ಗಳಿಗೆ ಭಾರತೀಯ ಮಾನಕವೇ ಇದೆ, ಐಎಸ್ 6248. ಅದರ ಪ್ರಕಾರ ಮೂರೂವರೆ ಮೀಟರ್ ಅಗಲದವರೆಗಿನ ಶಟರಿಗೆ ಪಟ್ಟಿ ಕನಿಷ್ಠ 0.9 ಮಿ.ಮೀ., ಅದಕ್ಕಿಂತ ಅಗಲವಾದರೆ 1.2 ಮಿ.ಮೀ. ದಪ್ಪ ಇರಬೇಕು. ಕಾರು ನಿಲ್ಲಿಸುವ ಜಾಗ, ಅದರಲ್ಲೂ ಎರಡು ಕಾರಿನ ಜಾಗ, ಮೂರೂವರೆ ಮೀಟರನ್ನು ಸುಲಭವಾಗಿ ದಾಟುತ್ತದೆ. ಕೈಯಿಂದ ಎತ್ತುವ ಶಟರ್ 12 ಚದರ ಮೀಟರಿಗಿಂತ ದೊಡ್ಡದಾದರೆ ಗೇರ್ ಮತ್ತು ಚೈನ್, ಇಲ್ಲವೇ ಮೋಟಾರ್ ಬೇಕು; ದೊಡ್ಡ ಕೈಶಟರಿಗೆ ಬಾಲ್ ಬೇರಿಂಗ್ ಹಾಕಿಸುವುದೇ ಕ್ಷೇಮ. ಸತು ಲೇಪಿಸಿದ ಜಿಐ ತಗಡು ಮೊದಲು ದುಬಾರಿಯಾದರೂ ತೊಳೆಯುವ ನೀರಿಗೆ ಕಬ್ಬಿಣಕ್ಕಿಂತ ಎಷ್ಟೋ ಮೇಲು. ಕಾರು ನಿಲ್ಲುವ ಜಾಗಕ್ಕೆ ಗಾಳಿಯಾಡಲು ನಾಲ್ಕಾರು ಸಾಲು ತೂತಿನ ಪಟ್ಟಿ ಅಥವಾ ಜಾಲರಿ ಇರಲಿ. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಿದರೆ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಳೆಯ ಶಟರಿನ ಗುಜರಿ ಬೆಲೆಯನ್ನು ತೂಕದ ಲೆಕ್ಕದಲ್ಲಿ ಬಿಲ್ಲಿನಿಂದ ಕಳೆಯಲು ಹೇಳಿ. ನೂರು ಕಿಲೋ ಹತ್ತಿರದ ಕಬ್ಬಿಣ ಅದು, ಸುಮ್ಮನೆ ಬಿಟ್ಟುಕೊಡುವ ವಸ್ತುವಲ್ಲ.

ಮೋಟಾರ್ ಹಾಕಿಸುವವರು ಈಗ ಹೆಚ್ಚಾಗಿದ್ದಾರೆ. ವಯಸ್ಸಾದವರಿರುವ ಮನೆಗೆ, ಬೆನ್ನುನೋವಿನವರಿಗೆ ಅದು ನಿಜವಾದ ಅನುಕೂಲ. ಸೋತ ಸ್ಪ್ರಿಂಗಿನ ಶಟರಿಗೆ ಮೋಟಾರ್ ಕೂರಿಸಿ ಭಾರ ಮರೆಸುವುದು ಮಾತ್ರ ಅಪಾಯ. ಮೋಟಾರ್ ಸುಡುತ್ತದೆ, ಇಲ್ಲವೇ ಶಟರ್ ಬೀಳುತ್ತದೆ. ಅಮೆರಿಕದಲ್ಲಿ 1921ರಲ್ಲಿ ಮೇಲಕ್ಕೇರುವ ಗ್ಯಾರೇಜ್ ಬಾಗಿಲನ್ನೂ 1926ರಲ್ಲಿ ಅದನ್ನು ವಿದ್ಯುತ್ತಿನಿಂದ ತೆರೆಯುವ ಸಾಧನವನ್ನೂ ರೂಪಿಸಿದವರು ಸಿ.ಜಿ. ಜಾನ್ಸನ್. ಮುಂದೆ ಅಂಥ ಬಾಗಿಲುಗಳಡಿ ಸಿಕ್ಕು ಮಕ್ಕಳು ಸತ್ತ ಪ್ರಕರಣಗಳು ನಡೆದ ಮೇಲೆ, ಹೊಸದಾಗಿ ತಯಾರಾಗುವ ಪ್ರತಿ ಮನೆಬಳಕೆಯ ಸಾಧನದಲ್ಲೂ ಅಡ್ಡ ಸಿಕ್ಕರೆ ಬಾಗಿಲು ತಾನೇ ಹಿಂದಿರುಗುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಮೋಟಾರ್ ಶಟರ್ ಕೊಳ್ಳುವಾಗ ಕೆಳ ಅಂಚಿನ ಸೆನ್ಸರನ್ನು ಐಚ್ಛಿಕ ಎಂದು ಬೇರೆ ದರ ಹೇಳುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಅದು ಐಚ್ಛಿಕವಲ್ಲ, ಹಾಕಿಸಲೇಬೇಕು. ಕರೆಂಟ್ ಹೋದಾಗ ಕೈಯಿಂದ ತೆರೆಯುವ ಚೈನ್ ಒಳಗಿನಿಂದ ಎಟುಕುವಂತಿರಬೇಕು. ಬೆಂಕಿ ಬಿದ್ದ ಅಂಗಡಿಯೊಳಗೆ ಸಿಕ್ಕವರಿಗೆ ಬೆಸ್ಕಾಂ ವಿದ್ಯುತ್ ಬರುವವರೆಗೆ ಕಾಯುವ ಸಮಯವಿರುವುದಿಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಮಾತು. ಬೇರೆಯವರ ವಾಹನ ಗುದ್ದಿದ್ದರೆ ಅಲ್ಲೇ ನಿಂತು ಜಗಳಕ್ಕಿಳಿಯುವ ಮುಂಚೆ ವಾಹನದ ನಂಬರ್ ಕಾಣುವಂತೆ ಫೋಟೊ ತೆಗೆಯಿರಿ, ಪೊಲೀಸರಿಗೆ ತಿಳಿಸಿ. ಆ ವಾಹನದ ಥರ್ಡ್ ಪಾರ್ಟಿ ವಿಮೆ ಜೀವಹಾನಿಗೆ ಮಾತ್ರವಲ್ಲ, ಆಸ್ತಿಹಾನಿಗೂ ಅನ್ವಯಿಸುತ್ತದೆ. ಕಳ್ಳರು ಜಾಕ್ ಇಟ್ಟು ಎತ್ತಿದ ಶಟರಾದರೆ ಅಂಗಡಿಯ ವಿಮೆಗಾಗಿ ಎಫ್‌ಐಆರ್ ಆಗಬೇಕು, ಸರ್ವೇಯರ್ ನೋಡುವವರೆಗೆ ಮುರಿದ ಭಾಗಗಳನ್ನು ಗುಜರಿಗೆ ಹಾಕಬಾರದು. ಬಾಡಿಗೆ ಮಳಿಗೆಯಲ್ಲಿ ಸ್ಪ್ರಿಂಗ್ ಖರ್ಚು ಯಾರದು, ಗುದ್ದಿದ ಖರ್ಚು ಯಾರದು ಎಂದು ಕರಾರು ಪತ್ರದಲ್ಲಿ ಎರಡು ಸಾಲು ಬರೆಸಿಕೊಂಡರೆ ಮಾಲೀಕ–ಬಾಡಿಗೆದಾರರ ಮನಸ್ತಾಪ ಎಷ್ಟೋ ತಪ್ಪುತ್ತದೆ.

ಎಣ್ಣೆ ಹಾಕುವುದು, ಗೈಡ್ ಒರೆಸುವುದು, ಪಟ್ಟಿ ತಟ್ಟಿ ನೋಡುವುದು ಮನೆಯವರೇ ಮಾಡಬಹುದಾದ ಕೆಲಸ. ಪೆಟ್ಟಿಗೆ ಬಿಚ್ಚುವುದು, ಸ್ಪ್ರಿಂಗಿಗೆ ಕೈ ಹಾಕುವುದು ಅಲ್ಲ. ಶಟರ್ ಪೂರ್ತಿ ಮೇಲಿದ್ದಾಗಲೂ ಸ್ಪ್ರಿಂಗಿನಲ್ಲಿ ಕೂರಿಸುವಾಗ ಕೊಟ್ಟ ಸುತ್ತುಗಳ ಬಿಗಿ ಉಳಿದಿರುತ್ತದೆ. ಪಿನ್ ತಪ್ಪಿದರೆ ಪೈಪು ಸರ್ರನೆ ತಿರುಗಿ, ಅದಕ್ಕೆ ಸಿಕ್ಕಿಸಿದ ಪಾನಾ ಕೈಯನ್ನೋ ದವಡೆಯನ್ನೋ ಮುರಿಯುತ್ತದೆ. ವೀಡಿಯೊ ನೋಡಿ ಕಲಿಯುವ ಕೆಲಸ ಇದಲ್ಲ. ಮೇಸ್ತ್ರಿ ಬಂದಾಗಲೂ ಅವರು ಏಣಿ ಮೇಲಿರುವಷ್ಟು ಹೊತ್ತು ಕೆಳಗೆ ಮಕ್ಕಳು, ಗಿರಾಕಿಗಳು ಸುಳಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ನಿಮ್ಮ ಶಟರ್ ಹೋದ ವರ್ಷಕ್ಕಿಂತ ಈ ವರ್ಷ ಭಾರವಾಗಿದ್ದರೆ, ಎತ್ತಿದ ಮೇಲೆ ಜಾರದಿರಲಿ ಎಂದು ನೀವು ಕೋಲೋ ಕಬ್ಬಿಣದ ಕೊಕ್ಕೆಯೋ ಆನಿಸಿ ನಿಲ್ಲಿಸುತ್ತಿದ್ದರೆ, ದಯವಿಟ್ಟು ಅದನ್ನು ಇನ್ನೊಂದು ಹಬ್ಬದವರೆಗೆ ಮುಂದೂಡಬೇಡಿ. ಈ ವಾರವೇ ಮೇಸ್ತ್ರಿಯನ್ನು ಕರೆಸಿ, ಮೊದಲು ಸ್ಪ್ರಿಂಗ್ ಮತ್ತು ಬ್ರಾಕೆಟ್ ತೋರಿಸಿ, ಆಮೇಲೆ ತಗಡಿನ ಮಾತಾಡಿ.